ಖಾನಾವಳಿಯಿಂದ ಗ್ರಿಲ್ಲಿನವರೆಗೆ

ನಮ್ಮ ಬನಹಟ್ಟಿ ಕಡೆ ಹಳೆಯ ಹೆಂಗಸರ ಬಾಯಲ್ಲಿ "ಅಂವಾ ಖಾನಾವಳ್ಯಾಗ ಉಣತಾನ" ಅನ್ನುವ ಮಾತಿಗೆ ಒಂದೇ ಅರ್ಥ. ಪಾಪ, ಅವನಿಗೆ ಯಾರೂ ದಿಕ್ಕಿಲ್ಲ ಅಂತ. ಹೆಂಡತಿ ತವರಿಗೆ ಹೋಗಿರಬೇಕು, ಇಲ್ಲಾ ಸತ್ತಿರಬೇಕು, ಇಲ್ಲಾ ಹೊಟ್ಟೆಪಾಡಿಗೆ ಊರು ಬಿಟ್ಟು ಬಂದಿರಬೇಕು. ರೊಕ್ಕ ಕೊಟ್ಟು ಉಣ್ಣುವುದು ಖುಷಿಯ ಸಂಗತಿ ಅಂತ ಅವರಿಗೆ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದರು.

ಈಗ ನೋಡಿ, ಎಲ್ಲಾ ಉಲ್ಟಾ. ಕಳೆದ ತಿಂಗಳು ಆಫೀಸಿನ ಗೆಳೆಯನಿಗೆ ಪ್ರಮೋಷನ್ ಆಯ್ತು ಅಂತ ನಾಲ್ಕು ಜನ ಬೆಂಗಳೂರಿನ ಒಂದು ದೊಡ್ಡ ಗ್ರಿಲ್ ರೆಸ್ಟೋರೆಂಟಿಗೆ ಹೋಗಿದ್ದೆವು. ಸ್ಟೇಕ್ ಮತ್ತು ಸಮುದ್ರದ ಮೀನು ಅಲ್ಲಿಯ ವಿಶೇಷ. ಬಾಗಿಲಲ್ಲೇ ಐಸಿನ ಹಾಸಿಗೆ ಮೇಲೆ ಮೀನು, ಸೀಗಡಿ, ಏಡಿ ಮಲಗಿಸಿದ್ದರು. ನಾವು ಬೆರಳು ತೋರಿಸಿದ್ದನ್ನು ತೂಕ ಮಾಡಿ, ಬೆಲೆ ಹೇಳಿ, ಕೆಂಡಕ್ಕೆ ಕಳಿಸುತ್ತಾರೆ. ಸ್ಟೇಕ್ ತರಿಸಿದ ಗೆಳೆಯನಿಗೆ ಮಾತ್ರ ಒಂದು ಸಣ್ಣ ಪರೀಕ್ಷೆ ಇತ್ತು. ಒಳಗೆ ಕೆಂಪಗಿರಲೋ, ನಸುಗೆಂಪೋ, ಪೂರ್ತಿ ಬೇಯಲೋ ಅಂತ. ಅವನು ಸುತ್ತಮುತ್ತ ನೋಡಿ ನಡುವಿನದನ್ನು ಹೇಳಿ ಪಾಸಾದ :) ನಾಲ್ಕು ಜನರ ಬಿಲ್ಲು 11,000 ದಾಟಿತು. ಊಟ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಆದರೆ ವಾಪಸು ಬರುವಾಗ ತಲೆಯೊಳಗೆ ಹುಳ ಬಿಟ್ಟ ಹಾಗಾಯ್ತು. ಹೊರಗೆ ಉಣ್ಣುವುದು ದಿಕ್ಕಿಲ್ಲದವರ ಪಾಡು ಆಗಿದ್ದದ್ದು ದುಡ್ಡಿದ್ದವರ ಸಡಗರ ಆಗಿದ್ದು ಹೇಗೆ? ಅದರ ನಡುವಿನ ದಾರಿಯಲ್ಲಿ ಯಾರು ಯಾರು ಬೇಯಿಸಿದರು, ಯಾರನ್ನು ಹೊರಗೆ ಕೂರಿಸಿದರು? ಅದನ್ನು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಕಡೆಯಿಂದ ನೋಡಿದರೆ ಹೇಗೆ ಅಂತ ಯೋಚಿಸಿ ಇಷ್ಟು ಬರೆದೆ. ಸ್ವಲ್ಪ ಉದ್ದ ಆಗಿದೆ, ಸಹಿಸಿಕೊಳ್ಳಿ.

ಮೊದಲಿಗೆ ಒಂದು ಮಾತು. ಕೆಂಡದ ಮೇಲೆ ಮಾಂಸ ಸುಡುವುದು ವಿದೇಶಿ ವಿದ್ಯೆ ಅಂತ ಯಾರೂ ತಿಳಿಯಬಾರದು. ಮುಧೋಳ ರನ್ನನ ಸೀಮೆ. ರನ್ನನಿಗೆ ಆಶ್ರಯ ಕೊಟ್ಟವರು ಕಲ್ಯಾಣದ ಚಾಲುಕ್ಯರು. ಅದೇ ವಂಶದ ಮೂರನೇ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಅನ್ನುವ ದೊಡ್ಡ ಗ್ರಂಥ ಬರೆದ. ಅರಸನಾದವನು ಹೇಗೆ ಆಳಬೇಕು ಅನ್ನುವುದರಿಂದ ಹಿಡಿದು ಹೇಗೆ ಉಣ್ಣಬೇಕು ಅನ್ನುವ ತನಕ ಎಲ್ಲಾ ಅದರಲ್ಲಿದೆ. ಊಟದ ಭಾಗದಲ್ಲಿ ಮಾಂಸದ ತುಂಡುಗಳನ್ನು ಮಸಾಲೆ ಹಚ್ಚಿ, ಕಂಬಿಗೆ ಚುಚ್ಚಿ, ಕೆಂಡದ ಮೇಲೆ ಸುಡುವ 'ಭಡಿತ್ರಕ' ಬರುತ್ತದೆ. ಮೀನಿನ ವಾಸನೆ ಹೋಗಲು ಉಪ್ಪು, ಅರಿಶಿನ ಹಚ್ಚಿ ತೊಳೆಯುವುದು, ಹುಣಸೆ ಹುಳಿಯಲ್ಲಿ ಬೇಯಿಸುವುದು ಬರುತ್ತದೆ. ಹೊಳೆಯ ಮೀನು ಬೇರೆ, ಸಮುದ್ರದ ಮೀನು ಬೇರೆ ಅಂತ ವಿಂಗಡಿಸಿ ಹೆಸರು ಕೊಡುತ್ತಾನೆ. ಹೊಳೆದಂಡೆಯ ಕಪ್ಪು ಇಲಿಯನ್ನು ಸುಡುವ ವಿಧಾನವನ್ನೂ ಬಿಟ್ಟಿಲ್ಲ. (ಇದನ್ನು ಮಾತ್ರ ಯಾವ ಗ್ರಿಲ್ಲಿನ ಮೆನುವಿನಲ್ಲೂ ನಾನು ಕಂಡಿಲ್ಲ.) ಅದಕ್ಕೂ ನೂರು ವರ್ಷ ಹಿಂದೆ, 1025ರಲ್ಲಿ, ಅದೇ ಚಾಲುಕ್ಯರ ಆಸ್ಥಾನದ ಇಮ್ಮಡಿ ಚಾವುಂಡರಾಯ ಕನ್ನಡದಲ್ಲೇ 'ಲೋಕೋಪಕಾರ' ಬರೆದು ಅದರಲ್ಲಿ ಸೂಪಶಾಸ್ತ್ರಕ್ಕೆ ಒಂದು ಅಧ್ಯಾಯ ಕೊಟ್ಟಿದ್ದಾನೆ. ಅದು ಸಸ್ಯಾಹಾರ. ಅಂದರೆ ಒಂದೇ ಅರಮನೆಯ ನೆರಳಲ್ಲಿ ಎರಡೂ ಅಡುಗೆ ನಡೆದಿತ್ತು.

ಆದರೆ ಸೋಮೇಶ್ವರನ ಭಡಿತ್ರಕ ಮಾರಾಟಕ್ಕಿರಲಿಲ್ಲ. ಅರಸ ಉಣ್ಣುತ್ತಿದ್ದ, ಜತೆಗೆ ಅವನು ಕರೆದವರು ಉಣ್ಣುತ್ತಿದ್ದರು. ಬೇಯಿಸಿದ ಅನ್ನ ಮಾರುವುದು ಪಾಪ ಅನ್ನುವ ನಂಬಿಕೆ ನಮ್ಮಲ್ಲಿ ಬಹಳ ಕಾಲ ಗಟ್ಟಿಯಾಗಿತ್ತು. ಊರು ಬಿಟ್ಟು ಬಂದವನಿಗೆ ಬೇರೆ ದಾರಿಗಳಿದ್ದವು. ಮಠದಲ್ಲಿ ದಾಸೋಹ, ದಾರಿಯಲ್ಲಿ ಛತ್ರ, ಓದುವ ಬ್ರಾಹ್ಮಣ ಹುಡುಗನಿಗೆ ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಎಲ್ಲಾ ಪುಕ್ಕಟೆ, ಆದರೆ ಎಲ್ಲದಕ್ಕೂ ಜಾತಿ ಎಂಬ ಪಾಸು ಬೇಕು. ಆ ಪಾಸಿಲ್ಲದವನು ಸತ್ತರೂ ಕೇಳುವವರಿಲ್ಲ.

ಇನ್ನು ನಮ್ಮ ಕಡೆಯ ಅರಸೊತ್ತಿಗೆ. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು. ರಬಕವಿ-ಬನಹಟ್ಟಿ ಅಂತ ಈಗ ಒಂದೇ ಉಸಿರಲ್ಲಿ ಅನ್ನುತ್ತೇವೆ, ಆದರೆ ರಬಕವಿ ಸಾಂಗ್ಲಿ ಸಂಸ್ಥಾನದ್ದು, ಬನಹಟ್ಟಿ ಜಮಖಂಡಿಯದು. ಬೀಳಗಿ ನೇರ ಇಂಗ್ರೇಜಿ ಆಳ್ವಿಕೆಯಲ್ಲಿತ್ತು. ಇಷ್ಟು ಸಣ್ಣ ಜಾಗದಲ್ಲಿ ನಾಲ್ಕು ಆಡಳಿತ! ಜಮಖಂಡಿಯವರು ಮರಾಠಿ ಬ್ರಾಹ್ಮಣರು, ಮುಧೋಳದವರು ಮರಾಠರು, ಬೇಟೆಯ ಜನ. ಮುಧೋಳದ ಬೇಟೆನಾಯಿಯನ್ನು ಮಾಲೋಜಿರಾವ್ ಘೋರ್ಪಡೆ ಐದನೇ ಜಾರ್ಜ್ ದೊರೆಗೆ ಕಾಣಿಕೆ ಕೊಟ್ಟ ಕಥೆ ನಿಮಗೆಲ್ಲಾ ಗೊತ್ತು. 2005ರಲ್ಲಿ ಅದಕ್ಕೆ ಅಂಚೆಚೀಟಿಯೂ ಬಂತು. ನಾಯಿಯ ಹೆಸರು ಲಂಡನ್ನಿಗೆ ಹೋಯ್ತು. ಅದು ಹಿಡಿದು ತಂದ ಮೊಲವನ್ನು ಬೇಯಿಸಿದವರ ಹೆಸರು ಒಲೆಯಲ್ಲೇ ಉಳಿಯಿತು. 1948ರಲ್ಲಿ ಈ ಸಂಸ್ಥಾನಗಳೆಲ್ಲಾ ಮುಂಬಯಿ ಪ್ರಾಂತದಲ್ಲಿ ವಿಲೀನ ಆದವು.

ಖಾನಾವಳಿ ಬಂದದ್ದು ಅರಮನೆಯಿಂದಲೂ ಅಲ್ಲ, ಮಠದಿಂದಲೂ ಅಲ್ಲ. ಹೆಸರೇ ಮರಾಠಿಯದು, ಖಾಣಾವಳ. ಅದು ಬೆಳೆದದ್ದು ದುಡಿಯುವ ಗಂಡಸರು ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದು ಗುಂಪು ಗುಂಪಾಗಿ ಇದ್ದ ಕಡೆ. ಮುಂಬಯಿಯ ಗಿರಣಗಾಂವ್ ಇದಕ್ಕೆ ದೊಡ್ಡ ಉದಾಹರಣೆ. ಒಂದು ಖೋಲಿಯಲ್ಲಿ ಹತ್ತು ಹನ್ನೆರಡು ಗಿರಣಿ ಕೆಲಸಗಾರರು ಪಾಳಿಯ ಮೇಲೆ ಮಲಗುವುದು, ಪಕ್ಕದ ಖೋಲಿಯ ಹೆಂಗಸು ಅವರಿಗೆಲ್ಲಾ ಬೇಯಿಸಿ ಹಾಕುವುದು, ತಿಂಗಳಿಗೊಮ್ಮೆ ಲೆಕ್ಕ. ಆ ಹೆಂಗಸರಲ್ಲಿ ವಿಧವೆಯರು, ಗಂಡ ಬಿಟ್ಟವರು, ಗಂಡ ಇದ್ದೂ ಇಲ್ಲದವರು ಬಹಳ. ಅಂಗಡಿಯವನ ಹತ್ತಿರ ಬಡ್ಡಿಗೆ ಧಾನ್ಯ ತಂದು ಬೇಯಿಸುತ್ತಿದ್ದರು. 1975ರಲ್ಲಿ ಪ್ರೇಮಾ ಪುರವ್ ದಾದರಿನಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿ ಇಂಥ ಹೆಂಗಸರಿಗೆ ಬ್ಯಾಂಕಿನ ಸಾಲ ಕೊಡಿಸಿದರು. ಅಲ್ಲಿಯ ತನಕ ಅವರನ್ನು ಯಾವ ಸರಕಾರಿ ಕಾಗದವೂ 'ಉದ್ಯೋಗಿ' ಅಂತ ಬರೆದುಕೊಂಡಿರಲಿಲ್ಲ. 1982ರ ಜನವರಿಯಲ್ಲಿ ದತ್ತಾ ಸಾಮಂತರ ಮುಷ್ಕರ ಶುರುವಾಗಿ ಎರಡೂವರೆ ಲಕ್ಷದಷ್ಟು ಗಿರಣಿ ಕೆಲಸಗಾರರು ಮನೆಗೆ ಕೂತರು. ಆಗ ಪತ್ರಿಕೆಗಳು ಗಿರಣಿಯ ನಷ್ಟದ ಲೆಕ್ಕ ಹಾಕಿದವು. ಉಂಡವರ ಬಾಕಿ ಬರದೆ ಕೂತ ಈ ಹೆಂಗಸರ ನಷ್ಟವನ್ನು ಯಾರು ಕೂಡಿಸಿದರು ಹೇಳಿ?

ಇದೇ ಕಥೆ ಸಣ್ಣ ಅಳತೆಯಲ್ಲಿ ನಮ್ಮ ಬನಹಟ್ಟಿಯದೂ ಹೌದು. ನೇಕಾರರ ಊರು. ಮೊದಲು ಕೈಮಗ್ಗ, ಆಮೇಲೆ ಪವರ್‌ಲೂಮ್. ಹಗಲು ರಾತ್ರಿ ಖಟ್ ಖಟ್ ಸದ್ದು. ಆ ಸದ್ದು ನಿಂತರೆ ನಮಗೆ ಎಚ್ಚರ ಆಗುತ್ತಿತ್ತು, ಏನೋ ಕೆಟ್ಟದ್ದಾಗಿದೆ ಅಂತ. ಸುತ್ತಲ ಹಳ್ಳಿಗಳಿಂದ ಬಂದು ಮಗ್ಗ ಓಡಿಸುವವರಿಗೆ ಊಟ ಬೇಕಲ್ಲ. ನಮ್ಮ ಓಣಿಯಲ್ಲಿ ಒಬ್ಬರಿದ್ದರು, ಎಲ್ಲರೂ ಕಾಕೂ ಅನ್ನುತ್ತಿದ್ದರು. ಗಂಡ ತೀರಿದ ಮೇಲೆ ಎರಡು ಮಕ್ಕಳನ್ನು ಇಟ್ಟುಕೊಂಡು ಪಡಸಾಲೆಯಲ್ಲೇ ಖಾನಾವಳಿ ಹಾಕಿದರು. ಬೋರ್ಡು ಇಲ್ಲ, ಹೆಸರು ಇಲ್ಲ. ನಸುಕಿನ ನಾಲ್ಕಕ್ಕೆ ರೊಟ್ಟಿ ಬಡಿಯುವ ಸದ್ದು ಶುರು. ಮಧ್ಯಾಹ್ನ ಹೊತ್ತಿಗೆ ಬುಟ್ಟಿ ತುಂಬ ಜೋಳದ ರೊಟ್ಟಿ, ಒಂದು ಕಾಳಿನ ಪಲ್ಯ, ಒಂದು ಎಣಗಾಯಿ ಇಲ್ಲಾ ಝುಣಕ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ, ಹಸಿ ಉಳ್ಳಾಗಡ್ಡಿ, ಕೊನೆಗೆ ಅನ್ನ, ಸಾರು, ಮಜ್ಜಿಗೆ. ಉಣ್ಣುವವರು ಗೋಡೆಗೆ ಬೆನ್ನು ಹಚ್ಚಿ ಸಾಲಾಗಿ ಕೂಡುತ್ತಿದ್ದರು. ರೊಟ್ಟಿಗೆ ಲೆಕ್ಕ ಇರಲಿಲ್ಲ. "ಕಾಕೂ ಸಾಕ್ರಿ" ಅಂದರೂ ತಾಟಿಗೆ ಇನ್ನೊಂದು ಬೀಳುತ್ತಿತ್ತು.

ದುಡ್ಡು ಮಾತ್ರ ಬಟವಾಡೆ ದಿನ. ಗೋಡೆಯ ಮೇಲೆ ಇದ್ದಲಿಯಲ್ಲಿ ಗೀಟು. ಕಾಕೂಗೆ ಓದಲು ಬರುತ್ತಿರಲಿಲ್ಲ, ಆದರೆ ಯಾರ ಗೀಟು ಯಾವುದು ಅಂತ ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದರು. ನೂಲಿನ ಬೆಲೆ ಏರಿ ಮಗ್ಗ ನಿಂತ ವಾರ ಗೀಟು ಮಾತ್ರ ಬೆಳೆಯುತ್ತಿದ್ದವು, ರೊಕ್ಕ ಬರುತ್ತಿರಲಿಲ್ಲ. ಕೆಲವರು ಬಾಕಿ ಇಟ್ಟು ರಾತ್ರೋರಾತ್ರಿ ಇಚಲಕರಂಜಿಗೆ ಹೋಗಿಬಿಡುತ್ತಿದ್ದರು. ಆಗ ಕಾಕೂ ಊಟ ನಿಲ್ಲಿಸಲಿಲ್ಲ, ಸಂಜೆ ಹೊತ್ತು ಕಂಡಿಕಿ ಸುತ್ತಲು ಕೂತರು. ಅಂದರೆ ನೇಕಾರನಿಗೆ ಊಟ ಹಾಕಲು ನೇಕಾರಿಕೆಯ ಕೂಲಿ ಮಾಡಿದರು. ಇದನ್ನು ನಮ್ಮ ಅರ್ಥಶಾಸ್ತ್ರದ ಮೇಷ್ಟ್ರು ಯಾವ ಹೆಸರಿಂದ ಕರೆಯುತ್ತಿದ್ದರೋ. ಒಂದಿನ ಪೌಡರ್ ಹಚ್ಚಿ ಆ ಗೋಡೆಗೆ ಸುಣ್ಣ ಬಳಿದರು, ಮಗಳ ಮದುವೆ ಅಂತ. ಹಳೆಯ ಗೀಟೆಲ್ಲಾ ಅದರಡಿ ಹೋದವು. ಯಾರನ್ನೂ ಕೇಳಲು ಹೋಗಲಿಲ್ಲ.

ಮಾಂಸದ ಊಟ ಬೇಕಂದವರಿಗೆ ಸಾವಜಿ. ಇದೂ ನೇಕಾರರ ಮನೆಯ ಒಲೆಯಿಂದಲೇ ಬಂದದ್ದು. ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯರು, ನಮ್ಮ ಕಡೆ ಪಟ್ಟೇಗಾರರು ಅಂತಾರೆ, ರೇಷ್ಮೆ ನೇಯುವವರು. ಹುಬ್ಬಳ್ಳಿ, ಗದಗ-ಬೆಟಗೇರಿ ಕಡೆ ಸಾವಜಿ ಹೋಟೆಲ್ಲುಗಳು ಎಷ್ಟು ಪ್ರಸಿದ್ಧ ಅಂತ ಹೇಳಬೇಕಿಲ್ಲ. ಮೇಲೆ ಕೆಂಪು ಎಣ್ಣೆ ತೇಲುವ ಸಾರು, ಖೈಮಾ ಉಂಡಿ, ಕಲೇಜಿ, ಬೋಟಿ, ತಲೆ, ಕಾಲು. ಕುರಿಯ ಯಾವ ಭಾಗವೂ ದಂಡ ಆಗುವುದಿಲ್ಲ. ಸ್ಟೇಕಿಗೂ ಇದಕ್ಕೂ ಇರುವ ನಿಜವಾದ ಫರಕು ಇಲ್ಲಿದೆ ಅಂತ ನನಗನಿಸುತ್ತದೆ. ಸ್ಟೇಕ್ ಅಂದರೆ ಪ್ರಾಣಿಯ ಅತ್ಯಂತ ಮೆತ್ತಗಿನ ಒಂದು ತುಂಡನ್ನು ಮಾತ್ರ ಆರಿಸಿಕೊಳ್ಳುವುದು. ಅಷ್ಟು ಮೆತ್ತಗಿದ್ದರೆ ಉಪ್ಪು, ಮೆಣಸು ಸಾಕು, ಅಡುಗೆಯವನ ಕೈಗೆ ಹೆಚ್ಚಿಗೆ ಕೆಲಸವಿಲ್ಲ. ಸಾವಜಿ ಅಂದರೆ ಉಳಿದ ಗಟ್ಟಿ ಭಾಗಗಳನ್ನೂ ಕಾರ, ಒಣಕೊಬ್ಬರಿ, ಗಸಗಸೆ, ಸಣ್ಣ ಉರಿಯಿಂದ ತಿನ್ನುವ ಹಾಗೆ ಮಾಡುವುದು. ವಿದ್ಯೆ ಯಾವುದರಲ್ಲಿ ಜಾಸ್ತಿ ಅಂತ ನೀವೇ ತೂಗಿ. ಬೆಲೆ ಮಾತ್ರ ಉಲ್ಟಾ ಇದೆ.

ಹಾಗಂತ ಖಾನಾವಳಿಯನ್ನು ಅಟ್ಟಕ್ಕೇರಿಸುವುದೂ ಬೇಡ. ಬೋರ್ಡುಗಳನ್ನು ನೆನಪಿಸಿಕೊಳ್ಳಿ. ಬ್ರಾಹ್ಮಣರ ಖಾನಾವಳಿ, ಲಿಂಗಾಯತ ಖಾನಾವಳಿ, ಮರಾಠಾ ಖಾನಾವಳಿ. ವಾರಾನ್ನದ ಜಾತಿ ಪಾಸು ಹೋಗಿ ಅದರ ಜಾಗದಲ್ಲಿ ಬೋರ್ಡು ಬಂತು, ಅಷ್ಟೇ. ಯಾವ ಬೋರ್ಡಿನಲ್ಲೂ ಹೆಸರಿಲ್ಲದವನಿಗೆ ಚಹಾ ಕೂಡ ಹೊರಗೆ, ಬೇರೆ ಕಪ್ಪಿನಲ್ಲಿ. ನಮ್ಮ ನೆರೆಯ ಕೊಲ್ಲಾಪುರದ ಶಾಹೂ ಮಹಾರಾಜರ ಒಂದು ಸಂಗತಿ ಇಲ್ಲಿ ಹೇಳಲೇಬೇಕು. ಅರಮನೆಯ ಚಾಕರಿಯಲ್ಲಿದ್ದ ಗಂಗಾರಾಮ ಕಾಂಬಳೆ ಎಂಬ ದಲಿತ ನೀರು ಮುಟ್ಟಿದ ಅಂತ ಮೇಲ್ಜಾತಿಯ ಚಾಕರರಿಂದ ಹೊಡೆಸಿಕೊಂಡ. ಶಾಹೂ ಅವನಿಗೆ ಸಹಾಯ ಮಾಡಿ ಊರೊಳಗೆ ಚಹಾದ ಅಂಗಡಿ ಹಾಕಿಸಿದರು. ಯಾರೂ ಬರಲಿಲ್ಲ. ಆಗ ಮಹಾರಾಜರೇ ಗಾಡಿ ನಿಲ್ಲಿಸಿ ಚಹಾ ಕುಡಿಯಲು ಶುರು ಮಾಡಿದರು, ಜತೆಗಿದ್ದ ದೊಡ್ಡ ಮನುಷ್ಯರಿಗೂ ಕುಡಿಸಿದರು. ಶಾಹೂ ತೀರಿಕೊಂಡದ್ದು 1922ರಲ್ಲಿ, ಅಂದರೆ ಇದೆಲ್ಲಾ ಅದಕ್ಕೂ ಮೊದಲಿನ ಮಾತು. ಒಬ್ಬ ಅರಸ ಒಂದು ಕಪ್ಪು ಚಹಾದಿಂದ ಮಾಡಿದ್ದನ್ನು ಸಂವಿಧಾನ 1950ರಲ್ಲಿ 15ನೇ ವಿಧಿಯಲ್ಲಿ ಬರೆಯಿತು. ಅಂಗಡಿ, ಹೋಟೆಲ್, ಸಾರ್ವಜನಿಕ ರೆಸ್ಟೋರೆಂಟುಗಳಿಗೆ ಯಾರನ್ನೂ ಜಾತಿಯ ಕಾರಣಕ್ಕೆ ತಡೆಯುವ ಹಾಗಿಲ್ಲ ಅಂತ. ರೆಸ್ಟೋರೆಂಟ್ ಎಂಬ ಶಬ್ದ ನಮ್ಮ ಸಂವಿಧಾನದಲ್ಲಿದೆ ಅನ್ನುವುದು ಎಷ್ಟು ಜನರಿಗೆ ಗೊತ್ತು? 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಇನ್ನೂ ಮುಂದೆ ಹೋಗಿ ಹೋಟೆಲಿನ ಪಾತ್ರೆಗಳ ವಿಷಯವನ್ನೂ ಎತ್ತಿತು. ಕಾನೂನಿಗೆ ಕಪ್ಪು ಬಸಿಯ ತನಕ ಬರಬೇಕಾಯ್ತು ನೋಡಿ.

ಅದಕ್ಕೇ ಗ್ರಿಲ್ ರೆಸ್ಟೋರೆಂಟಿನ ಬಗ್ಗೆ ನನಗೆ ಪೂರ್ತಿ ಸಿಟ್ಟು ಬರುವುದಿಲ್ಲ. ಅಲ್ಲಿ ಜಾತಿ ಕೇಳುವುದಿಲ್ಲ, ಕಾರ್ಡು ಕೇಳುತ್ತಾರೆ. ಅದೂ ಒಂದು ಬೋರ್ಡೇ, ಆದರೆ ಹುಟ್ಟಿನಿಂದ ಬರೆದದ್ದಲ್ಲ.

ಈ ದುಬಾರಿ ರೆಸ್ಟೋರೆಂಟುಗಳ ಮೂಲ ಕೆದಕಿದರೂ ಸಿಗುವುದು ಇಂಥದೇ. ಪ್ಯಾರಿಸ್ಸಿನಲ್ಲಿ 1760ರ ದಶಕದಲ್ಲಿ 'ರೆಸ್ಟೋರೆಂಟ್' ಅಂದರೆ ನಿತ್ರಾಣ ಆದವರಿಗೆ ಶಕ್ತಿ ಬರಲಿ ಅಂತ ಕೊಡುತ್ತಿದ್ದ ಮಾಂಸದ ಗಂಜಿಯಂಥ ಸಾರು. ಆಮೇಲೆ ಅದನ್ನು ಮಾರುವ ಜಾಗಕ್ಕೆ ಆ ಹೆಸರು ಅಂಟಿತು. ನ್ಯೂಯಾರ್ಕಿನಲ್ಲಿ ಸ್ಟೇಕಿಗೆ ಹೆಸರು ತಂದ ಡೆಲ್ಮೊನಿಕೋ, ಸ್ವಿಟ್ಜರ್‌ಲೆಂಡಿನಿಂದ ವಲಸೆ ಬಂದ ಅಣ್ಣತಮ್ಮಂದಿರು 1827ರಲ್ಲಿ ಹಾಕಿದ ಸಣ್ಣ ಅಂಗಡಿಯಿಂದ ಬೆಳೆದದ್ದು. ಬೆಂಗಳೂರಿಗೆ ಸ್ಟೇಕ್ ಬಂದದ್ದು ಕಂಟೋನ್ಮೆಂಟಿನ ದಾರಿಯಿಂದ. ಕರ್ನಾಟಕದಲ್ಲಿ 2021ರ ಜನವರಿಯಿಂದ ಜಾರಿಗೆ ಬಂದ ಗೋಹತ್ಯೆ ತಡೆ ಕಾಯ್ದೆ 13 ವರ್ಷ ದಾಟಿದ ಎಮ್ಮೆ ಕೋಣಗಳನ್ನು ಮಾತ್ರ ಬಿಟ್ಟಿರುವುದರಿಂದ ಆ ತಟ್ಟೆಯ ಕಥೆ ಈಗ ಬೇರೆಯೇ. ಅದರ ಚರ್ಚೆ ಇಲ್ಲಿ ಬೇಡ.

ಸಮುದ್ರದ ಮೀನಿನ ಕಥೆ ನಮಗೆ ಇನ್ನೂ ಹತ್ತಿರದ್ದು. ಮುಂಬಯಿಯ ಫೋರ್ಟಿನಲ್ಲಿ 1973ರಲ್ಲಿ ಕರಾವಳಿಯ ಕರ್ಕೇರ ಅವರು ಶುರು ಮಾಡಿದ ಮಹೇಶ್ ಲಂಚ್ ಹೋಮ್ ಈಗ ಏಡಿ, ಸೀಗಡಿಗೆ ದೇಶಕ್ಕೇ ಹೆಸರು. ಸಿನಿಮಾದವರು, ಕ್ರಿಕೆಟ್ಟಿನವರು ಹೋಗುವ ಜಾಗ. ಆದರೆ ಬೋರ್ಡು ಓದಿ, ಲಂಚ್ ಹೋಮ್! ಖಾನಾವಳಿಯ ಇಂಗ್ರೇಜಿ ಅಲ್ಲದೆ ಇನ್ನೇನು? ಊರು ಬಿಟ್ಟು ಬಂದ ಗುಮಾಸ್ತರಿಗೆ ಮಧ್ಯಾಹ್ನದ ಊಟ ಹಾಕುವ ಲಂಚ್ ಹೋಮುಗಳಲ್ಲಿ ಕೆಲವು ಏರುತ್ತಾ ಏರುತ್ತಾ ಏಸಿ, ಬಿಳಿ ಮೇಜುಬಟ್ಟೆ, ವೈನಿನ ತನಕ ಹೋದವು. ಬೆಂಗಳೂರಿನಲ್ಲಿ 1990ರಲ್ಲಿ ತಾಜ್ ಗುಂಪಿನ ಹೋಟೆಲಿನಲ್ಲಿ 'ಕರಾವಳಿ' ತೆರೆಯಿತು. ಅದರ ಅಡುಗೆಯವರು ಬಂಟರು, ಸಾರಸ್ವತರು, ಮಂಗಳೂರು ಕ್ರೈಸ್ತರು, ಕೊಡವರ ಮನೆಗಳಿಗೆ ಹೋಗಿ ಹೆಂಗಸರ ಹತ್ತಿರ ಕೂತು ಅಡುಗೆ ಕಲಿತು ಬಂದರು. ಒಳ್ಳೆಯ ಕೆಲಸ, ನಾನು ಮೆಚ್ಚುತ್ತೇನೆ. ಕರಾವಳಿಯ ಅಡುಗೆಗೆ ಹಾಗೆ ಯಾರೋ ಬಂದು ಕೂತರು. ಕೃಷ್ಣಾ, ಘಟಪ್ರಭಾ ದಂಡೆಯ ಅಡುಗೆಗೆ ಹಾಗೆ ಬಂದು ಕೂತವರು ಕಡಿಮೆ.

ನಮ್ಮಲ್ಲಿ ಮೀನಿಲ್ಲ ಅಂತಲೂ ಅಲ್ಲ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬೀಳಗಿ ತಾಲೂಕಿನ ಎಷ್ಟೋ ಹೊಲ, ಹಳ್ಳಿ ನುಂಗಿತು. ಜೋಳ ಬೆಳೆಯುತ್ತಿದ್ದ ಕಡೆ ಈಗ ತೆಪ್ಪ ಓಡುತ್ತವೆ. ಹೊಳೆಯಾಚೆಯ ಕೊಲ್ಹಾರವೂ ಮುಳುಗಿ ಮೇಲೆ ಬಂದು ಕೂತಿತು. ಗಡಿಗೆಯ ಗಟ್ಟಿ ಮೊಸರನ್ನು ಮಾತ್ರ ಬಿಡಲಿಲ್ಲ. ಆ ದಾರಿಯಲ್ಲಿ ಹೋದವರು ಬಸ್ಸಿನ ಕಿಟಕಿಯಿಂದ ಕೈ ಚಾಚಿ ಕೊಂಡಿರುತ್ತೀರಿ. ಬೀಳಗಿ ಕಡೆ ರಸ್ತೆ ಪಕ್ಕ ತಗಡಿನ ಚಪ್ಪರದಡಿ ಕೆಂಪು ಕಾರ ಹಚ್ಚಿ ಹಂಚಿನ ಮೇಲೆ ಹುರಿದು ಕೊಡುವ ಹೊಳೆಮೀನಿನ ತುಂಡು ತಿಂದಿದ್ದೇನೆ. ಹಾಳೆಯಲ್ಲಿ ಸುತ್ತಿ ಕೊಟ್ಟ ಹೆಂಗಸನ್ನು ಈ ಮಸಾಲೆ ಎಲ್ಲಿ ಕಲಿತಿರಿ ಅಂತ ಕೇಳಿದೆ. "ಕಲಿಯೂದೇನ್ರೀ, ನೀರ ಬಂತು, ಮೀನ ಬಂದುವು. ಬದನೀಕಾಯಿಗಿ ಹಚ್ಚೂ ಮಸಾಲಿನ ಹಚ್ಚಿದ್ವಿ" ಅಂದರು. ಹೊಲ ಹೋದ ಮೇಲೆ ಎಣಗಾಯಿಯ ಮಸಾಲೆ ಮೀನಿಗೆ ಹೋದದ್ದು ಹೀಗೆ. ಒಂದು ಅಡುಗೆ ಹುಟ್ಟುವುದನ್ನು ಇಷ್ಟು ಹತ್ತಿರದಿಂದ ಕೇಳಿದ್ದು ನನಗೆ ಅದೇ ಮೊದಲು.

ಬನಹಟ್ಟಿಯ ಕಾಕೂ ಈಗಿಲ್ಲ. ಮಗ ಬೇರೆ ಕೆಲಸದಲ್ಲಿದ್ದಾನೆ, ಪಡಸಾಲೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ. ರೊಟ್ಟಿಯನ್ನು ಈಗ ಎಷ್ಟೋ ಊರುಗಳಲ್ಲಿ ಹೆಂಗಸರು ಗುಂಪು ಮಾಡಿಕೊಂಡು ಬಡಿದು ಕಟ್ಟು ಕಟ್ಟಿ ಬೆಂಗಳೂರು, ಪುಣೆಗೆ ಕಳಿಸುತ್ತಾರೆ. ಇಲ್ಲಿ ನಮ್ಮ ಏರಿಯಾದ ಅಂಗಡಿಯಲ್ಲೂ ಸಿಗುತ್ತದೆ. ಪಾಕೀಟಿನ ಮೇಲೆ ಅಂಗಡಿಯ ಹೆಸರು, ತೂಕ, ತಾರೀಖು ಇರುತ್ತದೆ. ಬಡಿದವರ ಹೆಸರು ಇರುವುದಿಲ್ಲ.

ನಿಮ್ಮ ಊರಲ್ಲೂ ಇಂಥ ಒಂದು ಖಾನಾವಳಿ ಇದ್ದಿರಬೇಕು. ಕಾಲೇಜಿಗೆ ಹೋಗುವಾಗಲೋ, ಮೊದಲ ನೌಕರಿಯಲ್ಲೋ ತಿಂಗಳ ಲೆಕ್ಕದಲ್ಲಿ ಉಂಡಿರುತ್ತೀರಿ. ಯಾವ ಓಣಿ, ಏನೇನು ಬಡಿಸುತ್ತಿದ್ದರು, ಲೆಕ್ಕ ಹೇಗಿಡುತ್ತಿದ್ದರು ಅನ್ನುವುದನ್ನು ನೆನಪಿದ್ದಷ್ಟು ನಿಮ್ಮ ನಿಮ್ಮ ಬ್ಲಾಗುಗಳಲ್ಲಿ ಬರೆಯಿರಿ. ಜಮಖಂಡಿಯಲ್ಲಿ ಓದಿದವರು ಯಾರಾದರೂ ಇದ್ದರೆ ಅಲ್ಲಿಯ ಬಸ್ ಸ್ಟ್ಯಾಂಡಿನ ಸುತ್ತಲಿನ ಖಾನಾವಳಿಗಳ ಬಗ್ಗೆ ಮೊದಲು ಬರೆಯಬೇಕು, ಆ ಕಡೆಯದು ನನಗೆ ಬಹಳ ಬೇಕಾಗಿದೆ.